ರಿಬ್ಬನ್ ಕತ್ತರಿಯಿಂದ ಚೀಸಿನ ಮೂಗು ಕೊಯ್ದ ಬಗ್ಗೆ

ಮೊಂತೆರ್ಲಾಕ್ ಪುರಸಭೆ
ಸವಿಮೇಳ ಶಾಖೆ

ಸುತ್ತೋಲೆ ಸಂಖ್ಯೆ: ಪುಸ/ಸವಿ/ಮೂಗು/1
ದಿನಾಂಕ: ಡಿಸೆಂಬರ್ ತಿಂಗಳ ಎರಡನೇ ಭಾನುವಾರ, ಊಟಕ್ಕೆ ಮುಂಚೆ

ವಿಷಯ: ಕ್ರಿಸ್ಮಸ್ ಸವಿಮೇಳದಲ್ಲಿ ಕತ್ತರಿ, ಚೀಸ್ ಹಾಗೂ ಸಾರ್ವಜನಿಕರ ನಗುವನ್ನು ನಿಯಂತ್ರಿಸುವ ಕುರಿತು.

ಉಲ್ಲೇಖ: 1) ಶನಿವಾರ ಬೆಳಿಗ್ಗೆ ನಡೆದದ್ದು. 2) ಶನಿವಾರ ಮಧ್ಯಾಹ್ನದ ಹೊತ್ತಿಗೆ ಊರೆಲ್ಲ ಹಬ್ಬಿದ್ದು.

ಪ್ರಸ್ತಾವನೆ:

ಉಪಮೇಯರ್ ಶ್ರೀ ರೆಜಿಸ್ ಫೊಕೊನಿಯೆ ಅವರ ಬಳಿ ಚಾಕು ಇರಲಿಲ್ಲ. ಸದರಿಯವರ ಮಡಚುವ ಚಾಕು ಹಳೆಯ ಕೋಟಿನ ಜೇಬಿನಲ್ಲಿತ್ತು. ಫೋಟೊ ತೆಗೆಯುತ್ತಾರೆಂದು ಅವರು ಹೊಸ ಕೋಟು ಧರಿಸಿ ಬಂದಿದ್ದರು. ಮೇಳದ ರಿಬ್ಬನ್ ಕತ್ತರಿಸಿದ ಬಳಿಕ ಅದೇ ಕತ್ತರಿಯನ್ನು ಹಿಡಿದು ಚೀಸ್ ಸ್ಪರ್ಧೆಯ ಮೇಜಿನ ಬಳಿಗೆ ತೆರಳಿದರು. ಅಲ್ಲಿ ಶ್ರೀಮತಿ ಸೊಲಾಂಜ್ ಮಾಜುರಿಯೆ ಅವರು ಮಾಡಿದ ಚೀಸಿನ ತ್ರಿಕೋನಾಕಾರದ ತುಂಡನ್ನು ಆಗಷ್ಟೇ ತೂಗಿ, ಚೀಟಿ ಅಂಟಿಸಿ ಇಡಲಾಗಿತ್ತು. ಅದರ ಚೂಪು ತುದಿಯನ್ನು ಉಪಮೇಯರ್ ಅವರು ಅಡ್ಡಲಾಗಿ ಕತ್ತರಿಸಿ ಬಾಯಿಗೆ ಹಾಕಿಕೊಂಡರು.

ಆ ತುದಿಗೆ ಈ ಊರಿನಲ್ಲಿ ಮೂಗು ಎನ್ನುತ್ತಾರೆ. ಗಾಲಿಯಂಥ ಚೀಸಿನ ನಟ್ಟನಡುವೆ ಇದ್ದ ಭಾಗ ಅದು; ಮೆತ್ತಗಿರುವುದೂ ಅದೇ, ರುಚಿ ಇರುವುದೂ ಅದೇ. ಮೂಗಿನಿಂದ ಹೊರಗಿನ ಗಟ್ಟಿ ತೊಗಲಿನ ತನಕ ಉದ್ದಕ್ಕೆ ಕೊಯ್ಯಬೇಕು, ಎಲ್ಲರಿಗೂ ಎರಡೂ ಸಿಗಬೇಕು ಎಂಬುದು ಇಲ್ಲಿನ ಮಕ್ಕಳಿಗೂ ಗೊತ್ತು. ಉಪಮೇಯರ್ ಅವರಿಗೂ ಗೊತ್ತಿತ್ತು. ಕತ್ತರಿಗೆ ಗೊತ್ತಿರಲಿಲ್ಲ ಎಂದು ಶಾಖೆಯು ತೀರ್ಮಾನಿಸಿದೆ.

ನಿಯಮಗಳ ಪ್ರಕಾರ ಮೂಗಿಲ್ಲದ ತುಂಡನ್ನು ತೀರ್ಪುಗಾರರು ಮುಟ್ಟುವಂತಿಲ್ಲ. ತೂಗಿದ ತುಂಡನ್ನು ಬದಲಾಯಿಸುವಂತೆಯೂ ಇಲ್ಲ. ಹೀಗಾಗಿ ಶ್ರೀಮತಿ ಸೊಲಾಂಜ್ ಅವರನ್ನು ಸ್ಪರ್ಧೆಯಿಂದ ಕೈಬಿಡಲಾಯಿತು. ಗೆದ್ದವರಿಗೆ ಮುಂದಿನ ಮೇಳದವರೆಗೆ ಚರ್ಚ್ ಬಾಗಿಲ ಬಳಿಯ ಮಳಿಗೆ, ಸೋತವರಿಗೆ ಮೀನಂಗಡಿಯ ಹಿಂದಿನ ಜಾಗ. ಬಾಗಿಲ ಬಳಿಯ ಮಳಿಗೆ ಶ್ರೀಮತಿ ಸೊಲಾಂಜ್ ಅವರ ತಾಯಿಯ ಕಾಲದಿಂದಲೂ ಅವರ ಮನೆಯವರ ಕೈತಪ್ಪಿರಲಿಲ್ಲ. ಪ್ರಾರ್ಥನೆ ಮುಗಿಸಿದ ಜನ ಹಸಿದುಕೊಂಡು ಹೊರಬರುವುದು ಅಲ್ಲಿಗೇ. ಮೀನಿನ ಹಿಂದೆ ಕೂತವರ ಚೀಸನ್ನು ಯಾರೂ ಮೂಸಿ ನೋಡುವುದಿಲ್ಲ, ಮೂಸಿದರೂ ಮೀನೇ.

ಈ ಹಿನ್ನೆಲೆಯಲ್ಲಿ ಎಲ್ಲ ಸಿಬ್ಬಂದಿಗೆ ಹಾಗೂ ಸಾರ್ವಜನಿಕರಿಗೆ ಈ ಮೂಲಕ ಸೂಚಿಸಲಾಗಿದೆ:

1. ಚೀಸಿನ ಸಂಬಂಧದಲ್ಲಿ 'ಮೂಗು' ಎಂಬ ಪದವನ್ನು ತಕ್ಷಣದಿಂದ ರದ್ದುಪಡಿಸಲಾಗಿದೆ. ಅದರ ಬದಲು 'ಮುಂತುದಿ' ಎನ್ನತಕ್ಕದ್ದು. 'ಕೊಯ್ದರು' ಎನ್ನದೆ 'ತಗ್ಗಿಸಲಾಯಿತು' ಎನ್ನತಕ್ಕದ್ದು. ಮನುಷ್ಯರ ಮುಖದ ಮೇಲಿರುವ ಮೂಗುಗಳಿಗೆ ಮುಂದಿನ ಆದೇಶದವರೆಗೆ ವಿನಾಯಿತಿ ಇದೆ.

2. ಸ್ಥಳದಲ್ಲಿ ನಡೆದ ಮಾತುಕತೆಯನ್ನು ಕಡತಕ್ಕಾಗಿ ಇದ್ದಂತೆಯೇ ದಾಖಲಿಸಲಾಗಿದೆ:

ಶ್ರೀಮತಿ ಸೊಲಾಂಜ್: "ನಿನ್ ಕೈ ಸೇದೋಗ, ರೆಜಿಸ್! ಮೂಗನ್ನೇ ಕೊಯ್ದುಬಿಟ್ಯಲ್ಲೋ!"

ಉಪಮೇಯರ್ (ಬಾಯಲ್ಲಿ ಚೀಸ್ ಇದ್ದು): "ದೇವರಾಣೆ ಸೊಲಾಂಜಕ್ಕಾ, ಹುಟ್ಟಿದಾಗಿಂದ ಇಂಥಾ ಚೀಸ್ ತಿಂದಿಲ್ಲ."

ಶ್ರೀಮತಿ ಸೊಲಾಂಜ್: "ಹಾಗಂತ ಬರ್ಕೊಡು ಮತ್ತೆ. ತೀರ್ಪುಗಾರರ ಅಧ್ಯಕ್ಷ ನೀನೇ ಅಲ್ವೇನೋ?"

ಉಪಮೇಯರ್: "ಹೆಂಗ್ ಬರೀಲಿ? ಶುರುವಿನ ಗಂಟೆ ಇನ್ನೂ ಹೊಡೆದಿಲ್ಲ."

ಎದುರು ಮಳಿಗೆಯ ಸಾಸೇಜ್ ವ್ಯಾಪಾರಿ ಗಾಸ್ಪಾರ್: "ಕತ್ತರಿ ಹಿಡ್ಕೊಂಡು ಈ ಕಡೆ ಮಾತ್ರ ಬರ್ಬೇಡಪ್ಪಾ, ನಮ್ದು ಸಾಸೇಜು!"

ಇದರಲ್ಲಿ ಕೊನೆಯ ಮಾತಿಗೆ ನಕ್ಕವರು ಅದು ಏಕೆ ನಗುವ ಮಾತು ಎಂಬುದನ್ನು ಹೆಂಡತಿ ಅಥವಾ ಗಂಡನ ಸಮ್ಮುಖದಲ್ಲಿ ಶಾಖೆಗೆ ವಿವರಿಸತಕ್ಕದ್ದು.

3. ಗಂಟೆ ಹೊಡೆಯುವ ಮುನ್ನ ವ್ಯಕ್ತವಾದ ಮೆಚ್ಚುಗೆಯನ್ನು ಅಭಿಪ್ರಾಯವೆಂದು ಪರಿಗಣಿಸಲಾಗದು. ಅದು ಹಸಿವು.

4. ಮುಂತುದಿಯನ್ನು ಹಿಂದಿರುಗಿಸುವಂತೆ ಶ್ರೀಮತಿ ಸೊಲಾಂಜ್ ಅವರು ಸಲ್ಲಿಸಿದ ಮನವಿಯನ್ನು ಸಹಾನುಭೂತಿಯಿಂದ ಪರಿಶೀಲಿಸಲಾಯಿತು. ಸದರಿ ಮುಂತುದಿಯು ಹಿಂದಿರುಗಬಹುದಾದ ರೂಪದಲ್ಲಿ ಅರ್ಜಿದಾರರು ಅದನ್ನು ಸ್ವೀಕರಿಸಲಾರರು ಎಂದು ಕಂಡುಬಂದಿದ್ದರಿಂದ ಮನವಿಯನ್ನು ಮುಕ್ತಾಯಗೊಳಿಸಲಾಗಿದೆ.

5. ಇನ್ನು ಮುಂದೆ ಕತ್ತರಿಯನ್ನು ರಿಬ್ಬನ್ನಿಗೇ ಕಟ್ಟಿರಬೇಕು. ರಿಬ್ಬನ್ ಕತ್ತರಿಸಿದ ಕೂಡಲೇ ಕತ್ತರಿಯೂ ಬಿಡುಗಡೆಯಾಗುತ್ತದಲ್ಲ ಎಂದು ಸಿಬ್ಬಂದಿಯೊಬ್ಬರು ಆಕ್ಷೇಪಿಸಿದ್ದಾರೆ. ಅವರನ್ನು ಬಸವನಹುಳುವಿನ ಮಳಿಗೆಯ ಕಾವಲಿಗೆ ವರ್ಗಾಯಿಸಲಾಗಿದೆ. ಹುಳುಗಳು ಬೆಂದಿರುವುದರಿಂದ ಅಲ್ಲಿ ಕೆಲಸ ಕಡಿಮೆ.

6. ಬಾತುಕೋಳಿಯ ಯಕೃತ್ತನ್ನು ಒಮ್ಮೆ ಸವಿದು, ಟೋಪಿ ಬದಲಿಸಿಕೊಂಡು ಮತ್ತೆ ಬರುವವರನ್ನು ಹೊಸಬರೆಂದೇ ಭಾವಿಸತಕ್ಕದ್ದು, ಟೋಪಿ ಚೆನ್ನಾಗಿದ್ದಲ್ಲಿ. "ಒಂದು ಸುತ್ತು ಹಾಕ್ಕೊಂಡು ಬಂದು ತಗೋತೀವಿ" ಎಂದು ಹೇಳಿ ಹೋದವರು ಇದುವರೆಗೆ ಯಾವ ಮೇಳದಲ್ಲೂ ಸುತ್ತು ಮುಗಿಸಿಲ್ಲ. ಅಂಥವರನ್ನು ಕಾಣೆಯಾದವರ ಪಟ್ಟಿಗೆ ಸೇರಿಸುವ ಬಗ್ಗೆ ಪೊಲೀಸರ ಅಭಿಪ್ರಾಯ ಕೇಳಲಾಗಿದೆ.

7. ಶ್ರೀಮತಿ ಸೊಲಾಂಜ್ ಅವರು ಇಂದು ಬೆಳಿಗ್ಗೆ ಮೀನಂಗಡಿಯ ಹಿಂದಿನ ಜಾಗಕ್ಕೆ ಹಾಜರಾಗಿರುವುದಿಲ್ಲ. ಕಲ್ಲುಸೇತುವೆ ದಾಟಿ, ಪಕ್ಕದ ಊರಿನ ಎಲ್ಲೆಯಲ್ಲಿ ಮೇಜು ಹಾಕಿ ಕೂತಿದ್ದಾರೆ. ಗಾಳಿ ಅಲ್ಲಿಂದ ಇಲ್ಲಿಗೆ ಬೀಸುತ್ತಿದೆ. ಗಾಳಿಯು ಪಕ್ಕದ ಊರಿನದಾಗಿರುವುದರಿಂದ ಪುರಸಭೆಯ ವ್ಯಾಪ್ತಿಯಲ್ಲಿ ಅದನ್ನು ಆಘ್ರಾಣಿಸುವುದನ್ನು ನಿಷೇಧಿಸಲಾಗಿದೆ. ಉಸಿರಾಟಕ್ಕೆ ಅಡ್ಡಿ ಇಲ್ಲ, ಮೂಗರಳಿಸಕೂಡದು.

8. ಪುರಸಭೆಯ ವೈನ್ ಲೋಟಗಳೊಂದಿಗೆ ಸೇತುವೆ ದಾಟಕೂಡದು. ಈಗಾಗಲೇ ದಾಟಿರುವ ಲೋಟಗಳು, ಅವುಗಳನ್ನು ಹಿಡಿದಿರುವ ಸಾರ್ವಜನಿಕರು ಮತ್ತು ಅವರನ್ನು ಕರೆತರಲು ಕಳುಹಿಸಿದ ಸಿಬ್ಬಂದಿ ತಕ್ಷಣ ಹಿಂದಿರುಗತಕ್ಕದ್ದು.

9. ಯಾರೂ ಹಿಂದಿರುಗದ ಕಾರಣ ಉಪಮೇಯರ್ ಅವರು ಖುದ್ದಾಗಿ, ಹಳೆಯ ಕೋಟಿನಲ್ಲಿ, ಚಾಕು ಸಮೇತ ತೆರಳಿದರು. ದಡದ ಮೇಲಿಂದ ಕೇಳಿಸಿದಷ್ಟನ್ನು ದಾಖಲಿಸಲಾಗಿದೆ:

"ವಾಪಸ್ ಬಾ ಅಕ್ಕಾ. ಚರ್ಚ್ ಬಾಗಿಲು ಬಿಕೋ ಅಂತಿದೆ."

"ಯಾಕೆ, ಗೆದ್ದೋರು ಎಲ್ಲಿ?"

"ಮಳಿಗೆ ಮುಚ್ಚಿ ಇಲ್ಲೇ ನಿಂತವ್ರಲ್ಲ, ನನ್ ಮುಂದೆ. ಬಾಗಿಲ ಹತ್ರ ನೀನೇ ಕೂತ್ಕೊ, ನಿಯಮ ಬೇಕಾದ್ರೆ ಬದಲಾಯಿಸ್ತೀನಿ."

"ನಿನ್ನೆ ಬದಲಾಯಿಸ್ಬೇಕಿತ್ತು. ಇಲ್ಲಿ ಮೀನೂ ಇಲ್ಲ, ನೀನೂ ಇರ್ಲಿಲ್ಲ, ಚೆನ್ನಾಗಿತ್ತು. ಹೋಗಿ ಸಾಲಿನ ಕೊನೇಲಿ ನಿಂತ್ಕೊ. ನಿನ್ ಪಾಲಿಗೆ ತೊಗಲು ಇಟ್ಟಿದೀನಿ."

ಉಪಮೇಯರ್ ಅವರು ಹೋಗಿ ಕೊನೆಯಲ್ಲಿ ನಿಂತಿರುತ್ತಾರೆ.

10. ಮೇಲ್ಕಂಡ ಸೂಚನೆಗಳನ್ನು ಪಾಲಿಸಲು ಮೇಳದ ಮೈದಾನದಲ್ಲಿ ಯಾರಾದರೂ ಉಳಿದಿದ್ದಲ್ಲಿ, ಅವರು ಕಟ್ಟುನಿಟ್ಟಾಗಿ ಪಾಲಿಸತಕ್ಕದ್ದು.

(ಸಹಿ)
ಶಾಖಾಧಿಕಾರಿ
ಸಾಲಿನಲ್ಲಿರುವ ಉಪಮೇಯರ್ ಅವರ ಪರವಾಗಿ
(ಮೊಹರು ಹಾಕಿದ ನಂತರ ಸದರಿ ಅಧಿಕಾರಿಯೂ ಲಭ್ಯವಿರುವುದಿಲ್ಲ)

ಪ್ರತಿಗಳು:
ಚರ್ಚ್ ಬಾಗಿಲ ಬಳಿಯ ಖಾಲಿ ಮಳಿಗೆಗೆ, ಅಂಟಿಸುವ ಸಲುವಾಗಿ.
ಸಾಸೇಜ್ ವ್ಯಾಪಾರಿ ಗಾಸ್ಪಾರ್ ಅವರಿಗೆ, ನಗದೆ ಓದುವ ಸಲುವಾಗಿ.
ಶ್ರೀಮತಿ ಸೊಲಾಂಜ್ ಮಾಜುರಿಯೆ ಅವರಿಗೆ, ಸೇತುವೆಯ ಆಚೆ. ಚೀಸ್ ಕಟ್ಟಿಕೊಡಲು ಈ ಹಾಳೆಯನ್ನು ಬಳಸಬಾರದೆಂಬ ವಿನಂತಿಯೊಂದಿಗೆ.
ಕತ್ತರಿಗೆ, ಎಚ್ಚರಿಕೆಗಾಗಿ.
ಕಚೇರಿ ಪ್ರತಿ.

ಮೇಳದಲ್ಲಿ ಪುರಸಭೆಗೆ ಆದ ನಷ್ಟ: ಮಳಿಗೆ ಒಂದು, ಮೂಗು ಎರಡು. ಅವುಗಳಲ್ಲಿ ಚೀಸಿನದು ಒಂದೇ.