ಅತ್ತೆಯ ಮೇಣ, ಅಳಿಯನ ಗುಡುಗು

ಬರುವ ಬೇಸಿಗೆ ಮುಗಿಯುವುದರೊಳಗೆ ಝಾಬ್ಝೆ ಊರಿನ ಒಂದೊಂದು ಕಿಟಕಿಯೂ ತನ್ನ ಗಿಟಾರಿಗೆ ಹೆದರಿ ನಡುಗಬೇಕು ಎಂದು ಲೆಷೆಕ್ ಶಪಥ ಮಾಡಿದ. ವಯಸ್ಸು ಐವತ್ತು ದಾಟಿದೆ, ಸೊಂಟಕ್ಕೆ ಪಟ್ಟಿ ಬಿದ್ದಿದೆ, ಹಗಲೆಲ್ಲ ಟ್ರಾಮ್ ಓಡಿಸುವ ಕೆಲಸ. ಆದರೇನು, ಗಿಟಾರು ಹೆಗಲೇರಿತೆಂದರೆ ಆತ ಹೆವಿ ಮೆಟಲ್ ಮಹಾರಥಿ!

ಮಹಾರಥಿಗೆ ಬೇಕಾದ ಬ್ರಹ್ಮಾಸ್ತ್ರವೆಂದರೆ ಹಂಬಕರ್ ಪಿಕಪ್. ತಂತಿಗಳ ಕೆಳಗೆ ಅಡಗಿ ಕೂತು, ಅವುಗಳ ಕಂಪನವನ್ನು ಆಂಪ್ಲಿಫಯರ್‌ಗೆ ಚಾಡಿ ಹೇಳುವ ಜೋಡಿ ಸುರುಳಿ ಅದು. ಸೆರಾಮಿಕ್ ಅಯಸ್ಕಾಂತದ್ದರ ನಾದ ಕಚ್ಚುತ್ತದಂತೆ, ಅಲ್ನಿಕೋ ಮಿಶ್ರಲೋಹದ್ದರ ನಾದ ಮುದ್ದಿಸುತ್ತದಂತೆ! ಯಾವುದನ್ನು ಆರಿಸುವುದೆಂದು ಚಳಿಗಾಲವಿಡೀ ತಲೆ ಕೆಡಿಸಿಕೊಂಡ.

"ನನ್ನನ್ನ ಒಪ್ಪೋಕೆ ನಿಂಗೆ ಒಂದು ಕಪ್ ಕಾಫಿ ಕುಡಿಯೋಷ್ಟು ಹೊತ್ತು ಸಾಕಾಗಿತ್ತು" ಎಂದಳು ಹೆಂಡತಿ ದನುತಾ.

"ಆಗ ಕೊಂಡವರ ಅಭಿಪ್ರಾಯ ಓದೋ ಸೌಲಭ್ಯ ಇರ್ಲಿಲ್ಲ ಕಣೇ!"

ಕೊನೆಗೆ ಇದ್ದುದರಲ್ಲೇ ಉಗ್ರವಾದ ಸೆರಾಮಿಕ್ ಒಂದನ್ನು ತರಿಸಿದ. ಸುರುಳಿಗೆ ಮೇಣ ಕುಡಿಸಿದರೆ ಜೀವಕಳೆ ಹೋಗುತ್ತದೆ, ಆದ್ದರಿಂದ ತಾವು ಕುಡಿಸುವುದಿಲ್ಲ ಎಂದು ಮಾಡಿದವರು ಹೆಮ್ಮೆಯಿಂದ ಸಾರಿದ್ದರು. ಜೀವಕಳೆಯೇನೋ ಇತ್ತು, ಸ್ವಲ್ಪ ಜಾಸ್ತಿಯೇ ಇತ್ತು. ದನುತಾ ಗಿಟಾರಿನ ಮೇಲೆ ಬಗ್ಗಿ, "ಊಟಕ್ಕೆ ಬರ್ತೀಯೋ ಇಲ್ವೋ?" ಎಂದದ್ದು ಸ್ಪೀಕರಿನಿಂದ ರಾಕ್ಷಸಿಯ ಗರ್ಜನೆಯಾಗಿ ಹೊರಬಿತ್ತು. ಕೆಳಮನೆಯ ಮುದುಕ ಓಡಿಹೋಗಿ ತನ್ನ ಊಟದ ಮೇಜಿನ ಮುಂದೆ ಕೂತನಂತೆ!

ಯಾರೂ ಮಾತಾಡದಿದ್ದಾಗ ಗಿಟಾರು ತಾನೇ ಹಂದಿಯಂತೆ ಕಿರುಚುತ್ತಿತ್ತು. ಶನಿವಾರದ ತಾಲೀಮಿನಲ್ಲಿ ಡ್ರಮ್ ಬಡಿಯುವ ರೊಮೆಕ್ ಕೋಲು ಕೆಳಗಿಟ್ಟ.

"ನೋಡಪ್ಪಾ, ನಾಳೆ ಸಂಜೆ ಗಣಿ ಕಾರ್ಮಿಕರ ಭವನದಲ್ಲಿ ಕಾರ್ಯಕ್ರಮ. ಅಷ್ಟರಲ್ಲಿ ಆ ಹಂದಿ ಬಾಯಿ ಮುಚ್ಚದಿದ್ರೆ ನಿನ್ನ ಜಾಗಕ್ಕೆ ನನ್ನ ಭಾಮೈದ ಬರ್ತಾನೆ. ಅವನಿಗೆ ತಲೆ ತುಂಬ ಕೂದಲೂ ಇದೆ!"

ಕಿರುಚಾಟಕ್ಕೆ ಮದ್ದು ಒಂದೇ: ಸುರುಳಿಯನ್ನು ಕರಗಿದ ಮೇಣದಲ್ಲಿ ಮುಳುಗಿಸುವುದು. ಆದರೆ ಭಾನುವಾರ ಯಾವ ಅಂಗಡಿ ತೆರೆದಿರುತ್ತದೆ? ಹೆಂಡತಿ, ಅತ್ತೆ ಇಬ್ಬರೂ ಚರ್ಚಿಗೆ ಹೋದದ್ದೇ ತಡ, ಲೆಷೆಕ್ ಮನೆಯ ಖಾನೆಗಳನ್ನೆಲ್ಲ ಜಾಲಾಡಿದ. ಸಿಕ್ಕಿತು! ಮೊಳದುದ್ದದ, ಅಪ್ಪಟ ಜೇನುಮೇಣದ, ನೀಲಿ ರಿಬ್ಬನ್ ಕಟ್ಟಿದ ಗ್ರೊಮ್ನಿತ್ಸಾ. ಗುಡುಗು ಸಿಡಿಲು ಬಂದಾಗ ಕಿಟಕಿಯಲ್ಲಿ ಹಚ್ಚಲೆಂದು ಅತ್ತೆ ಗೆನೊವೆಫಾ ಫೆಬ್ರವರಿಯ ಹಬ್ಬದಲ್ಲಿ ಪಾದ್ರಿಯಿಂದ ಆಶೀರ್ವಾದ ಮಾಡಿಸಿ ತಂದ ಮೇಣದಬತ್ತಿ!

ಲೆಷೆಕ್‌ನ ಅಂತರಾತ್ಮ ಒಮ್ಮೆ ಕೆಮ್ಮಿತು. 'ಕಟ್ಟಡದ ನೆತ್ತಿಯ ಮೇಲೆ ಸಿಡಿಲು ತಡೆಯುವ ಸರಳೇ ಇರುವಾಗ ಈ ಬತ್ತಿ ಯಾಕೆ?' ಎಂದು ಅದರ ಬಾಯಿ ಮುಚ್ಚಿಸಿ, ದನುತಾಳ ಹಾಲಿನ ಪಾತ್ರೆಯನ್ನು ಒಲೆಗೇರಿಸಿದ. ಪಿಕಪ್‌ಗೆ ವಿಧಿವತ್ತಾಗಿ ಮೇಣಸ್ನಾನವಾಯಿತು. ಒಣಗಿಸಿ ಕೂರಿಸಿ ಬಾರಿಸಿದರೆ, ಆಹಾ! ಕಿರುಚಾಟ ಮಾಯ. ಕೇಳಿದ್ದು ಬರೀ ಗುಡುಗು!

ಮಧ್ಯಾಹ್ನದ ಸೂಪಿಗೆ ಎಲ್ಲರೂ ಕೂತಾಗ ಅಸಲಿ ಗುಡುಗೇ ಬಂತು.

"ದನುತಾ, ಬತ್ತಿ ತಾರೇ!" ಎಂದರು ಅತ್ತೆ.

ದನುತಾ ಖಾನೆ ಎಳೆದಳು. ಒಳಗಿದ್ದದ್ದು ನೀಲಿ ರಿಬ್ಬನ್ ಒಂದೇ. ನಾಲ್ಕು ಕಣ್ಣುಗಳು ಸೂಪು ಹೀರುತ್ತಿದ್ದವನತ್ತ ತಿರುಗಿದವು.

"ಅಳಿಯಂದ್ರೇ, ಬತ್ತಿ ಎಲ್ಲಿ?"

"ಅಮ್ಮಾ... ಅದು... ಗಿಟಾರಿನ ಒಳಗಿದೆ."

"ನನ್ನ ಹಾಲಿನ ಪಾತ್ರೆ ಯಾಕೆ ಜಾರ್‍ತಿತ್ತು ಅಂತ ಈಗ ಗೊತ್ತಾಯ್ತು!" ಎಂದಳು ದನುತಾ.

ಗೆನೊವೆಫಾ ಕೂಗಾಡಲಿಲ್ಲ. ಅದೇ ಭಯಂಕರ! ಗಿಟಾರನ್ನು ಎತ್ತಿ ತಂದು, ಆಕಾಶಕ್ಕೆ ಮುಖ ಮಾಡಿ ಕಿಟಕಿಯಲ್ಲಿ ನಿಲ್ಲಿಸಿ, ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡು ಪ್ರಾರ್ಥಿಸಿದರು. ಬಿರುಗಾಳಿ ಹಾದುಹೋಯಿತು. ಆಗ ಅದನ್ನು ಬಗಲಿಗೇರಿಸಿಕೊಂಡು ತಮ್ಮ ಕೋಣೆಯತ್ತ ನಡೆದರು.

"ಅಮ್ಮಾ! ಸಂಜೆ ಕಾರ್ಯಕ್ರಮ ಇದೆ!"

"ಆ ಬತ್ತಿ ಬರೀ ಸಿಡಿಲಿಗಲ್ಲಪ್ಪಾ. ನನ್ನ ಪ್ರಾಣ ಹೋಗೋ ಹೊತ್ತಲ್ಲಿ ಕೈಗೆ ಕೊಡ್ಬೇಕು ಅಂತ ಇಟ್ಟಿದ್ದು. ಇನ್ನೇನು ಮಾಡೋದು, ಇದನ್ನೇ ಹಿಡ್ಕೊಂಡು ಹೋಗ್ತೀನಿ. ಅಲ್ಲೀವರೆಗೆ ನನ್ನ ಮಂಚದ ಪಕ್ಕ ಇರ್ಲಿ."

ಅಷ್ಟರಲ್ಲಿ ರೊಮೆಕ್‌ನ ಫೋನು. "ಏನಯ್ಯಾ, ಹಂದಿ ಬಾಯಿ ಮುಚ್ತಾ?"

"ಶಾಶ್ವತವಾಗಿ ಮುಚ್ಚಿತು. ನಿನ್ನ ಭಾಮೈದನಿಗೆ ತಲೆ ಬಾಚ್ಕೊಳ್ಳೋಕೆ ಹೇಳು."

ಅತ್ತೆಯ ಕೋಣೆಯ ಬಾಗಿಲು ಇನ್ನೇನು ಮುಚ್ಚಬೇಕು, ಲೆಷೆಕ್‌ನ ಎದೆಯಲ್ಲಿ ಕಡೆಯ ಆಸೆಯೊಂದು ಮಿಣುಕಿತು. ಮದುವೆಯಾದಂದಿನಿಂದ ಕೇಳದಿದ್ದ ಪ್ರಶ್ನೆಯನ್ನು ಬಲು ಕಳಕಳಿಯಿಂದ ಕೇಳಿದ:

"ಅಮ್ಮಾ... ನಿಮ್ಮ ಆರೋಗ್ಯ ಹೇಗಿದೆ?"

"ಕಲ್ಲುಗುಂಡಿನ ಹಾಗಿದೆ!" ಎಂದರು ಗೆನೊವೆಫಾ. "ನಮ್ಮ ವಂಶದಲ್ಲಿ ಅವಸರ ಯಾರಿಗೂ ಇಲ್ಲ. ನಮ್ಮಮ್ಮ ತೊಂಬತ್ತೆಂಟಕ್ಕೆ ಹೋದ್ಲು. ಅದೂ ಚೆರ್ರಿ ಮರ ಹತ್ತಿ, ಬಿದ್ದು!"