ಕೆಲಸ ಬದಲಿಸುವವರಿಗೆ ನಾನು ಕೊಟ್ಟ ಸಲಹೆಗಳು

ಚಿಕ್ಕೋಡಿಯ ಒಂದು ತರಬೇತಿ ಕೇಂದ್ರದಲ್ಲಿ, ಕೆಲಸ ಹುಡುಕುವವರಿಗೂ ಇದ್ದ ಕೆಲಸ ಬೇಸರವಾದವರಿಗೂ ಸಲಹೆ ಕೊಡುವುದು ನನ್ನ ಉದ್ಯೋಗ. ಸಲಹೆ ನನ್ನ ಬಾಯಿಂದ ಹೊರಡುವಾಗ ಸರಿಯಾಗಿಯೇ ಇರುತ್ತದೆ. ಅಥಣಿಗೋ ರಾಯಬಾಗಕ್ಕೋ ಮುಟ್ಟುವಷ್ಟರಲ್ಲಿ ಅದಕ್ಕೆ ಏನೋ ಆಗಿರುತ್ತದೆ. ಯಾರಾದರೂ ಬಾಗಿಲಲ್ಲಿ ನಿಂತು, "ಸರ, ನೀವು ಹೇಳಿದಂಗ ಮಾಡಿದ್ನಿರಿ..." ಎಂದರೆ ನಾನು ಮೊದಲು ನೀರು ಕುಡಿಯುತ್ತೇನೆ.

ನೀವೂ ಪ್ರಶ್ನೆ ಕೇಳಿ

"ಸಂದರ್ಶನದಲ್ಲಿ ಬರೀ ಉತ್ತರ ಕೊಟ್ಟು ಎದ್ದು ಬರಬೇಡಿ. ಅಲ್ಲಿ ನೆಮ್ಮದಿ ಸಿಗುತ್ತದೋ ಇಲ್ಲವೋ ನೀವೂ ಕೇಳಿ ತಿಳಿದುಕೊಳ್ಳಿ" ಎಂದಿದ್ದೆ. ಬಿ.ಕಾಂ. ಮುಗಿಸಿದ ಹುಡುಗಿಯೊಬ್ಬಳು ಅಥಣಿಯ ಚಪ್ಪಲಿ ಅಂಗಡಿಗೆ ಲೆಕ್ಕ ಬರೆಯುವ ಕೆಲಸ ಕೇಳಲು ಹೋದಳು. ಮಾಲೀಕರು ಖುಷಿಯಾದರು. ಆಗ ಇವಳು ಕೇಳಿದಳು: "ಮೊದಲಿದ್ದವ್ರು ಯಾಕ ಬಿಟ್ರ್ರಿ?"

ಮಾಲೀಕರು ಫ್ಯಾನು ನೋಡಿದರು. "ಅವ್ರಿಗೆ ಆರಾಮ ಇರ್ಲಿಲ್ಲ."

ಒಳಗೆ ಚಹಾ ಸೋಸುತ್ತಿದ್ದ ಹೆಂಡತಿ ಅಲ್ಲಿಂದಲೇ ಕೂಗಿದರು: "ಖರೇ ಹೇಳ್ರಿ! ಮುಂಜಾನಿಂದ ಸಂಜಿತನಕ ನಿಮ್ಮ ಹಾಡು ಕೇಳಾಕ ಆಗದ ಓಡಿ ಹೋದ್ರು."

ತಾನು ಇರುವಷ್ಟು ಹೊತ್ತು ಹಾಡಬಾರದು ಎಂಬ ಕರಾರಿನ ಮೇಲೆ ಹುಡುಗಿ ಕೆಲಸ ಹಿಡಿದಳು. ಕೆಲವು ದಿನಗಳಾದ ಮೇಲೆ ಆ ಹೆಂಡತಿಯೇ ನನಗೆ ಫೋನ್ ಮಾಡಿದರು. "ಅಕಿಗೆ ಕಲಿಸಿದವ್ರು ನೀವಂತಲ್ರಿ? ಈಗ ಇವ್ರು ಮನ್ಯಾಗ ಹಾಡಾಕತ್ತಾರ. ನನಗೂ ಒಂದು ನೌಕರಿ ನೋಡ್ರಿ."

ಕೇಳಿದ ಭಾಷೆಯಲ್ಲೇ ಉತ್ತರ

ಕಾಗವಾಡದ ಎಲೆಕ್ಟ್ರಿಷಿಯನ್ ಒಬ್ಬ ನಿಪ್ಪಾಣಿಯ ಗೋದಾಮಿಗೆ ಸಂದರ್ಶನಕ್ಕೆ ಹೊರಟಿದ್ದ. "ಅವರು ಯಾವ ಭಾಷೆಯಲ್ಲಿ ಕೇಳ್ತಾರೋ ಅದರಲ್ಲೇ ಹೇಳು" ಎಂದು ಕಳಿಸಿದೆ. ಮ್ಯಾನೇಜರ್ ಮರಾಠಿಯಲ್ಲಿ ಹೆಸರು ಕೇಳಿದರು, ಇವನೂ ಮರಾಠಿಯಲ್ಲೇ ಹೇಳಿದ. ವೈರಿಂಗ್ ವಿಷಯ ಬಂದಾಗ ಇಬ್ಬರೂ ತಡವರಿಸಿದರು. ಕೈಸನ್ನೆ ಮಾಡಿದರು. ಬೆವರು ಒರೆಸಿಕೊಂಡರು. ಅಷ್ಟರಲ್ಲಿ ಮ್ಯಾನೇಜರ್ ತಾಯಿಯ ಫೋನ್ ಬಂತು.

"ಯವ್ವಾ, ಊಟಕ್ಕ ಬರ್ತೀನಿ ತಡಿ ಬೇ. ಯಾವನೋ ಮರಾಠ್ಯಾಂವ ಬಂದಾನ, ಅವನ ಕೂಡ ಮಾತಾಡಿ ನಾಲಿಗಿ ಹೊಳ್ಳವಲ್ದು!"

ನಮ್ಮವ ಕುರ್ಚಿಯಿಂದ ಎದ್ದೇಬಿಟ್ಟ. "ಅಣ್ಣಾರ, ನಾನೂ ಕನ್ನಡದಾವ್ರಿ!"

ಕೆಲಸ ಅಲ್ಲೇ ಪಕ್ಕಾ ಆಯಿತು. ಬಾಗಿಲಲ್ಲಿದ್ದ ಮರಾಠಿ ಮನೆಮಾತಿನ ಕಾವಲುಗಾರ ಕೈಮುಗಿದು ಹೇಳಿದನಂತೆ: "ಇನ್ನ ಮ್ಯಾಲ ಕನ್ನಡಾನ ಮಾತಾಡ್ರಿ ಸಾಹೇಬ್ರ. ಅದು ನನಗ ತಿಳೀತೈತಿ."

ಬಿಡುವ ಮೊದಲು ಮಾಡಿ ನೋಡಿ

ಗುಮಾಸ್ತನೊಬ್ಬ ಹೆಂಡತಿಯ ಜೊತೆ ಬಂದ. ಆಫೀಸಿನ ಕುರ್ಚಿ ಸಾಕಾಗಿತ್ತು. ದಿಗ್ಗೇವಾಡಿಯಲ್ಲಿ ಅವನ ಸೋದರಮಾವನ ಆಡಿನ ಹಿಂಡಿತ್ತು. "ಗಿಡದ ನೆರಳಿನ್ಯಾಗ ಕುಂದ್ರೂದು, ಗಾಳಿ ತಗೊಳ್ಳೂದು. ಸೋಮವಾರ ರಾಜೀನಾಮೆ ಕೊಡಾಂವ್ರಿ ಸರ" ಎಂದ. ಹೆಂಡತಿಯ ಕಣ್ಣು ತುಂಬಿತ್ತು.

"ರಾಜೀನಾಮೆ ಇರಲಿ. ರಜೆ ಹಾಕಿ ಮೊದಲು ಮಾಡಿ ನೋಡು" ಎಂದೆ. ಒಪ್ಪಿದ.

ಮೊದಲ ದಿನವೇ ಅವನು ನೆರಳಲ್ಲಿ ಕೂತು, ಗಾಳಿ ತಗೊಂಡು, ನಿದ್ದೆಹೋದ. ಎದ್ದಾಗ ಆಡುಗಳು ಯಾರದೋ ಗೋವಿನಜೋಳದಲ್ಲಿದ್ದವು. ಹೊಲದವರು ಕೋಲು ಹಿಡಿದು ಬಂದರು. ಆಡುಗಳು ಒಂದು ಕಡೆ ಓಡಿದವು, ಇವನು ಇನ್ನೊಂದು ಕಡೆ. ಕಬ್ಬಿನ ನಡುವೆ ದಾರಿ ತಪ್ಪಿ ಸಂಜೆತನಕ ಸುತ್ತಿದ. ಕೊನೆಗೆ ಕೊರಳಗಂಟೆಯ ಸದ್ದು ಕೇಳಿಸಿತು. ಮುಂದಾಳು ಹೋತ ಹಿಂಡನ್ನು ಕರೆದುಕೊಂಡು ಮನೆ ಕಡೆ ಹೊರಟಿತ್ತು. ಇವನು ಸದ್ದಿಲ್ಲದೆ ಕೊನೆಯ ಮರಿಯ ಹಿಂದೆ ಸೇರಿಕೊಂಡ.

ಮರುದಿನವೇ ಆಫೀಸಿಗೆ ಹೋಗಿ, ಕೂತು ಮಾಡುವ ಕೆಲಸ ಬಿಟ್ಟು ಊರೂರು ತಿರುಗುವ ಕೆಲಸ ಕೇಳಿ ಪಡೆದ. ಈಗ ಖುಷಿಯಾಗಿದ್ದಾನೆ, ಹೆಂಡತಿ ಅವನಿಗಿಂತ ಖುಷಿಯಾಗಿದ್ದಾರೆ.

ಆಮೇಲೊಮ್ಮೆ ರಾಯಬಾಗದ ಸಂತೆಯಲ್ಲಿ ಆ ಮಾವ ಸಿಕ್ಕರು. "ಅಳಿಯ ಆಡು ಹೆಂಗ ಕಾದ್ರಿ?" ಎಂದು ಕೇಳಿದೆ.

"ಅಂವ ಎಲ್ಲಿ ಕಾದಾನ್ರಿ ಸರ? ಆಡೇ ಇವನ್ನ ಮೇಯಿಸ್ಕೊಂಡ ಮನಿಗಿ ಹೊಡ್ಕೊಂಡ ಬಂದಾವ!"