ಐವತ್ತೈದು ಅಡಿ ಕೋಲು, ಥೆಲ್ಮಾಳ ಕಿಟಕಿ

ದೀಪದ ಬುಡದಲ್ಲೇ ಕತ್ತಲು ಎಂಬ ಮಾತನ್ನು ಯಾರೋ ಕ್ಲಿಫರ್ಡ್ ಅಕ್ರಾಯ್ಡ್‌ನ ಮನೆ ನೋಡಿಯೇ ಹೇಳಿರಬೇಕು. ಯಾರ್ಕ್‌ಷೈರಿನ ಕ್ರ್ಯಾಗ್‌ಬ್ರಿಜ್ ಊರಿನಲ್ಲಿ ಮೂವತ್ತೊಂದು ವರ್ಷದಿಂದ ಕಿಟಕಿ ತೊಳೆಯುವುದೇ ಅವನ ಕಸುಬು. ಅವನು ಒರೆಸಿದ ಗಾಜು ಇದೆಯೋ ಇಲ್ಲವೋ ತಿಳಿಯದೆ ಪಾದ್ರಿಗಳ ಬೆಕ್ಕು ಎರಡು ಸಲ ಮೂತಿ ಜಜ್ಜಿಕೊಂಡಿತ್ತು. ಆದರೆ ಅವನ ಸ್ವಂತ ಮನೆಯ ಮುಂಗಡೆ ಕಿಟಕಿಗಳಿಗೆ ಮಾತ್ರ ಹನ್ನೊಂದು ವರ್ಷದಿಂದ ಮಳೆರಾಯನನ್ನು ಬಿಟ್ಟರೆ ಬೇರಾರೂ ನೀರು ಮುಟ್ಟಿಸಿರಲಿಲ್ಲ.

"ರೀ, ಹೊರಗಡೆ ಮಳೆ ಬರ್ತಿದ್ಯಾ, ಬಿಸಿಲಿದ್ಯಾ?" ಎಂದು ಅವನ ಹೆಂಡತಿ ಥೆಲ್ಮಾ ದಿನಾ ಬೆಳಿಗ್ಗೆ ಕೇಳುತ್ತಿದ್ದಳು.

"ಕಿಟಕೀಲಿ ನೋಡ್ಬಾರ್ದೇನೆ?"

"ನಮ್ಮ ಕಿಟಕೀಲಿ ಹನ್ನೊಂದು ವರ್ಷದಿಂದ ಒಂದೇ ಹವಾಮಾನ. ಮಂಜು!"

ಇದಕ್ಕೆ ಕ್ಲಿಫರ್ಡ್ ಬಳಿ ಎರಡು ಉತ್ತರಗಳಿದ್ದವು. ಮೊದಲನೆಯದು ನಿಜವಾದದ್ದು. ಗುಡ್ಡದ ಪಕ್ಕೆಗೆ ಅಂಟಿಕೊಂಡ ಆ ಊರಿನಲ್ಲಿ ಮನೆಗಳು ಒಂದರ ತಲೆಯ ಮೇಲೊಂದು ಕೂತಿರುತ್ತವೆ. ಕ್ಲಿಫರ್ಡ್ ದಂಪತಿಗಳದ್ದು ಮೇಲಿನ ಎರಡು ಮಹಡಿ, ಅದರ ಬಾಗಿಲು ಹಿಂಭಾಗದ ಮೇಲ್ಬೀದಿಗೆ. ಕೆಳಗಿನ ಎರಡು ಮಹಡಿ ಅತ್ತೆ ವಿನಿಫ್ರೆಡ್‌ರದ್ದು, ಅದರ ಬಾಗಿಲು ಮುಂದಿನ ಕೆಳ ಓಣಿಗೆ. ಹಿಂದಿನಿಂದ ನೋಡಿದರೆ ಎರಡಂತಸ್ತಿನ ಸಾಧು ಮನೆ, ಮುಂದಿನಿಂದ ನೋಡಿದರೆ ನಾಲ್ಕಂತಸ್ತಿನ ಕೋಟೆ. ಆ ಕೋಟೆಯ ನೆತ್ತಿಯ ಕಿಟಕಿಗೆ ಕೆಳ ಓಣಿಯಿಂದ ಕ್ಲಿಫರ್ಡ್‌ನ ಏಣಿ ಎಟುಕುತ್ತಿರಲಿಲ್ಲ.

ಎರಡನೆಯ ಉತ್ತರ, "ಟೈಮೆಲ್ಲಿದೆ ಮಾರಾಯ್ತಿ? ಸಂಜೆ ಐದರವರೆಗೂ ಕಣಿವೆ ಆಚೆ ದುಡಿದು ಸಾಯ್ತೀನಿ" ಎಂಬುದು. (ಕಣಿವೆಯ ಆಚೆ ಇರುತ್ತಿದ್ದದ್ದು ನಿಜ. ದುಡಿಯುತ್ತಿದ್ದದ್ದು ಎರಡು ಗಂಟೆಯವರೆಗೆ ಮಾತ್ರ. ಆಮೇಲೆ ಐದರವರೆಗೆ ಎದುರು ಗುಡ್ಡದ ಬೌಲ್ಸ್ ಮೈದಾನದಲ್ಲಿ ಗೆಳೆಯರ ಜೊತೆ ಹುಲ್ಲಿನ ಮೇಲೆ ಮರದ ಗುಂಡು ಉರುಳಿಸುತ್ತ, ಡಾಕ್ಟರು ಬೇಡವೆಂದ ಹಂದಿಮಾಂಸದ ಪೈಯನ್ನು ಭಕ್ತಿಯಿಂದ ಸೇವಿಸುತ್ತಿದ್ದ. ಈ ವಿಷಯ ಥೆಲ್ಮಾಳಿಗೆ ಗೊತ್ತಿರಲಿಲ್ಲ. ಓದುಗರೂ ಹೇಳಬಾರದು.)

ಏಪ್ರಿಲಿನ ಒಂದು ಸೋಮವಾರ ಥೆಲ್ಮಾ ಬ್ರಹ್ಮಾಸ್ತ್ರ ಬಿಟ್ಟಳು.

"ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಸೆಲ್ವಿನ್‌ಗೆ ಬರೋಕೆ ಹೇಳಿದೀನಿ."

ಕ್ಲಿಫರ್ಡ್ ಕುಡಿಯುತ್ತಿದ್ದ ಚಹಾವನ್ನು ಕೆಳಗಿಟ್ಟ. ಸೆಲ್ವಿನ್ ಎಂದರೆ ಊರಿನ ಇನ್ನೊಬ್ಬ ಕಿಟಕಿ ತೊಳೆಯುವವನು. ಏಣಿ ಮುಟ್ಟದೆ, ನೆಲದ ಮೇಲೆ ನಿಂತು, ಉದ್ದ ಕೋಲಿನ ತುದಿಯ ಬ್ರಷ್ಷಿಗೆ ನೀರು ಹರಿಸಿ ಕಿಟಕಿ ತೊಳೆಯುವ ಹೊಸ ಪಂಥದವನು. ಏಣಿ ಸಂಪ್ರದಾಯದ ಕ್ಲಿಫರ್ಡ್‌ನ ದೃಷ್ಟಿಯಲ್ಲಿ ಶುದ್ಧ ಪಾಷಂಡಿ.

"ಅವನಾ? ನಮ್ಮನೆ ಕಿಟಕಿಗಾ? ಲೇ, ಊರು ಏನನ್ನುತ್ತೆ? ಕ್ಷೌರಿಕ ಬೇರೆಯವನ ಹತ್ರ ಹೋಗಿ ಹೆಂಡ್ತಿ ಎದುರಿಗೇ ತಲೆ ಬೋಳಿಸ್ಕೊಂಡ ಹಾಗಾಗುತ್ತೆ!"

"ಶನಿವಾರದೊಳಗೆ ನೀವೇ ತೊಳೀರಿ. ಸೆಲ್ವಿನ್‌ಗೆ ಚಹಾ ಕೊಟ್ಟು ಕಳಿಸ್ತೀನಿ. ಇಲ್ಲಾಂದ್ರೆ ಅವನೇ ತೊಳೀತಾನೆ, ನೀವು ಚಹಾ ಕೊಡಿ."

ಮೂವತ್ತೊಂದು ವರ್ಷದ ಮಾನ ಶನಿವಾರದ ಹನ್ನೆರಡು ಗಂಟೆಗೆ ನೇತುಬಿದ್ದಿತು. ಬುಧವಾರ ಬೆಳಿಗ್ಗೆ ಏಣಿಗೆ ಮನಸ್ಸಿನಲ್ಲೇ ಕ್ಷಮೆ ಕೇಳಿ, ಹೆಂಡತಿಯನ್ನು ವ್ಯಾನಿನಲ್ಲಿ ಕೂರಿಸಿಕೊಂಡು, ಹ್ಯಾಲಿಫ್ಯಾಕ್ಸಿನ ಹೊರವಲಯದ ಒಂದು ಗೋದಾಮಿಗೆ ಕೋಲು ಆರಿಸಲು ಹೊರಟ.

ಗೋದಾಮಿನ ಥ್ಯಾಕ್ರಾ ಎಂಬಾತ ತಾನೂ ಒಂದು ಕೋಲಿನಂತೆಯೇ ತೆಳ್ಳಗಿದ್ದ.

"ಕಿಟಕಿ ಎಷ್ಟೆತ್ತರ ಸಾರ್?"

"ತುಂಬಾ ಎತ್ತರ."

"ತುಂಬಾ ಅಂದ್ರೆ ಎಷ್ಟಡಿ?"

"ಮೂವತ್ತೊಂದು ವರ್ಷ ಈ ಕಸುಬಲ್ಲಿದೀನಿ ಕಣಯ್ಯಾ. ಕಣ್ಣಳತೆ ಸಾಕು. ಒಂದೈವತ್ತು ಅಡಿ."

ಥೆಲ್ಮಾ ಕೈಚೀಲದಿಂದ ಕೆಂಪು ಉಣ್ಣೆಯ ಉಂಡೆ ತೆಗೆದು ಥ್ಯಾಕ್ರಾನ ಕೈಗಿಟ್ಟಳು. ಕ್ಲಿಫರ್ಡ್‌ನ ಕತ್ತಿನಲ್ಲಿದ್ದ ಮಫ್ಲರ್ ಹೆಣೆದು ಮಿಕ್ಕಿದ ಉಣ್ಣೆ ಅದು. ಹಿಂದಿನ ದಿನ ತುದಿಗೆ ಚಮಚ ಕಟ್ಟಿ, ಕೈ ತೂರುವಷ್ಟು ಮಾತ್ರ ತೆರೆಯುವ ಮೇಲಿನ ಕಿಟಕಿಯ ಸಂದಿಯಿಂದ ಕೆಳಗೆ ಬಿಟ್ಟಿದ್ದಳು. ಓಣಿಯಲ್ಲಿ ನಿಂತಿದ್ದ ತಾಯಿ ವಿನಿಫ್ರೆಡ್, "ಚಮಚ ಬಂತು, ಸೂಪೆಲ್ಲಿ?" ಎಂದು ಕೂಗಿದೊಡನೆ ಗಂಟು ಹಾಕಿದ್ದಳು. ಥ್ಯಾಕ್ರಾ ಉಣ್ಣೆಯನ್ನು ನೆಲದ ಮೇಲೆ ಹಾಸಿ ಅಳೆದ. ಗಂಟಿನವರೆಗೆ ಮೂವತ್ತಮೂರು ಅಡಿ.

"ಮೂವತ್ತೆಂಟು ಅಡಿಯದು ಧಾರಾಳವಾಯ್ತು ಮೇಡಂ," ಎಂದ ಥ್ಯಾಕ್ರಾ. ಆ ಕ್ಷಣದಿಂದ ಅವನು ಕ್ಲಿಫರ್ಡ್‌ನನ್ನು ಬಿಟ್ಟು ಥೆಲ್ಮಾಳ ಜೊತೆಯೇ ವ್ಯವಹಾರ ಮಾಡತೊಡಗಿದ.

ಕೋಲುಗಳಲ್ಲೂ ಜಾತಿಗಳಿದ್ದವು. ಗಾಜಿನ ನಾರಿನದು ಅಗ್ಗ, ಆದರೆ ಭಾರ, ಎತ್ತರ ಹೋದಂತೆ ಬಳುಕುತ್ತದೆ. ಇಂಗಾಲದ ನಾರಿನದು ಹಗುರ, ನೆಟ್ಟಗೆ ನಿಲ್ಲುತ್ತದೆ, ಬೆಲೆ ಕೇಳಿದರೆ ಕೊಳ್ಳುವವನು ಬಳುಕುತ್ತಾನೆ. "ಬರೀ ಎತ್ತಿ ನೋಡಿದ್ರೆ ಗೊತ್ತಾಗಲ್ಲ. ಪೂರ್ತಿ ಎಳೆದು ಐದು ನಿಮಿಷ ಹಿಡ್ಕೊಂಡು ನೋಡಿ," ಎಂದು ಥ್ಯಾಕ್ರಾ ಅಂಗಳಕ್ಕೆ ಕರೆದೊಯ್ದ.

"ಓಕ್ ಮರದ ಏಣಿ ಹೊತ್ತ ಭುಜ ಇದು," ಎಂದು ಕ್ಲಿಫರ್ಡ್ ಗಾಜಿನ ನಾರಿನ ಕೋಲನ್ನೇ ಎತ್ತಿದ. ಮೊದಲ ನಿಮಿಷ ರಾಜಗಾಂಭೀರ್ಯ. ಎರಡನೇ ನಿಮಿಷ ಬ್ರಷ್ ತಲೆಯಾಡಿಸತೊಡಗಿತು. ಮೂರನೇ ನಿಮಿಷ ಅದು ತಾನೇ ನಿರ್ಧಾರ ಮಾಡಿ, ಗೋದಾಮಿನ ಗೋಡೆಯ ಮೇಲಿದ್ದ, ಕಳ್ಳರು ಬಂದರೆ ಬಡಿದುಕೊಳ್ಳುವ ಗಂಟೆಯನ್ನು ಸವರಿತು. ಇಡೀ ಬಡಾವಣೆಗೆ ಕೇಳುವಂತೆ ಗಂಟೆ ಕಿರುಚಿಕೊಂಡಿತು.

"ಗಾಳಿ ಜಾಸ್ತಿ ಇದೆ," ಎಂದ ಕ್ಲಿಫರ್ಡ್.

"ಕುಣೀಲಾರದೋರಿಗೆ ನೆಲ ಡೊಂಕು," ಎಂದಳು ಥೆಲ್ಮಾ. ಅಷ್ಟು ಹೊತ್ತಿಗೆ ಅವಳು ಮೂವತ್ತೆಂಟು ಅಡಿಯ ಇಂಗಾಲದ ಕೋಲನ್ನು ಹಿಡಿದು, ಥ್ಯಾಕ್ರಾನ ಮಂಡಿನೋವಿನ ವೃತ್ತಾಂತ ಕೇಳುತ್ತ ಕೇಳುತ್ತಲೇ ಗೋದಾಮಿನ ಮೇಲಿನ ಎರಡು ಕಿಟಕಿ ತೊಳೆದು ಮುಗಿಸಿದ್ದಳು. "ಇದೇ ಸಾಕು ರೀ. ಪೊರಕೆಗಿಂತ ಹಗುರ ಇದೆ."

ಕ್ಲಿಫರ್ಡ್ ತಲೆಯಾಡಿಸುವುದರಲ್ಲಿದ್ದ. ಅಷ್ಟರಲ್ಲಿ ಹಾಳು ಪ್ರಶ್ನೆಯೊಂದು ಬಾಯಿಗೆ ಬಂತು.

"ಅಂದಹಾಗೆ, ಸೆಲ್ವಿನ್ ಅಂತ ಒಬ್ಬ ನಿಮ್ಮಲ್ಲೇ ತಗೊಂಡಿರ್ಬೇಕು. ಅವನದ್ದು ಎಷ್ಟಡಿ?"

"ನಲವತ್ತೈದು ಸಾರ್."

"ಅದಕ್ಕಿಂತ ದೊಡ್ಡದು?"

"ಐವತ್ತೈದು. ಆದ್ರೆ ಅದು ನಿಮಗೆ..."

"ಕಟ್ಟಿ ಕೊಡಿ."

"ರೀ! ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ಕಿಟಕಿ ಇದ್ದಷ್ಟು ಕೋಲು ಚಾಚಿದ್ರೆ ಆಗಲ್ವಾ?"

"ಸುಮ್ನಿರೇ. ಗಂಡಸಿನ ಕಸುಬಿನ ವಿಷಯ ಇದು."

ಥ್ಯಾಕ್ರಾ ನಿಟ್ಟುಸಿರಿಟ್ಟು ಕೋಲು ಕಟ್ಟಿದ. ಜೊತೆಗೆ ನೀರಿನ ಸುಣ್ಣದಂಶವನ್ನೆಲ್ಲ ಹೀರಿಬಿಡುವ ಸಿಲಿಂಡರ್ ಒಂದನ್ನೂ ಕೊಟ್ಟ. ಆ ಶುದ್ಧ ನೀರು ಗಾಜಿನ ಮೇಲೆ ಕಲೆ ಉಳಿಸದೆ ತಾನೇ ಒಣಗುತ್ತದಂತೆ, ಒರೆಸುವುದೇ ಬೇಡವಂತೆ. "ಬೇಕಾದಷ್ಟೇ ಎಳೀರಿ ಸಾರ್," ಎಂದು ವ್ಯಾನಿನ ತನಕ ಬಂದು ಹೇಳಿದ. "ಪೂರ್ತಿ ಎಳೆದ್ರೆ ಕೈ ಎಲ್ಲೋ, ಬ್ರಷ್ ಎಲ್ಲೋ."

ಶನಿವಾರ ಹನ್ನೊಂದೂ ಮುಕ್ಕಾಲಿಗೆ ಕೆಳ ಓಣಿಯಲ್ಲಿ ಜನ ಸೇರಿತ್ತು. ಏಣಿಯ ಕ್ಲಿಫರ್ಡ್ ಕೋಲು ಹಿಡಿಯುತ್ತಾನೆಂಬ ಸುದ್ದಿ ಬೇಕರಿಯಿಂದ ಹೊರಟು ಚರ್ಚಿನವರೆಗೆ ಮುಟ್ಟಿತ್ತು. ಅತ್ತೆ ವಿನಿಫ್ರೆಡ್‌ಗೆ ಎಂಬತ್ತೆರಡು, ಕಿವಿ ಸ್ವಲ್ಪ ಮಂದ, ಹುಮ್ಮಸ್ಸು ಮಾತ್ರ ಇಪ್ಪತ್ತರದು. ಕೊಳವೆಯಲ್ಲಿ ಕೋಲಿಗೆ ನೀರು ಬಿಡುವ ಅಡುಗೆಮನೆಯ ನಲ್ಲಿಯ ಜವಾಬ್ದಾರಿ ಅವರದು. ಥೆಲ್ಮಾ ನಾಲ್ಕನೇ ಮಹಡಿಯಲ್ಲಿ, ಮಸುಕು ಗಾಜಿನ ಹಿಂದೆ ಒಂದು ನೆರಳಾಗಿ ನಿಂತಿದ್ದಳು.

ಜನ ಕಂಡದ್ದೇ ಕ್ಲಿಫರ್ಡ್‌ನ ಎದೆ ಉಬ್ಬಿತು. ಎದೆಯ ಜೊತೆ ಕೋಲೂ ಬೆಳೆಯಿತು. ಒಂದೊಂದೇ ತುಂಡು ಎಳೆದ, ಬಿಗಿದ, ಎಳೆದ, ಬಿಗಿದ. ಬ್ರಷ್ ಅತ್ತೆಯ ಕಿಟಕಿ ದಾಟಿತು, ಹೆಂಡತಿಯ ಕಿಟಕಿ ದಾಟಿತು, ಸೂರು ದಾಟಿತು. "ಸಾಕು ಕ್ಲಿಫ್!" ಎಂದು ಯಾರೋ ಕೂಗಿದರು. ಐವತ್ತೈದು ಅಡಿಯ ಒಡೆಯನಿಗೆ ಕೇಳಿಸಲಿಲ್ಲ. ಕೊನೆಯ ತುಂಡನ್ನೂ ಎಳೆದು, ವಿಜಯಸ್ತಂಭ ನೆಟ್ಟ ಚಕ್ರವರ್ತಿಯಂತೆ ನಿಂತು, "ಅತ್ತೇ, ಈಗಲೇ ಬೇಡ!" ಎಂದು ಕೂಗಿದ.

ಅತ್ತೆಗೆ ಕೂಗಿದ್ದು ಮಾತ್ರ ತಿಳಿಯಿತು. ನಲ್ಲಿಯನ್ನು ಪೂರ್ತಿ ತಿರುಗಿಸಿದರು.

ಅದೇ ಹೊತ್ತಿಗೆ ಕಣಿವೆಯ ಗಾಳಿ ಬೀಸಿತು. ಕೋಲಿನ ತುದಿ ನಿಧಾನವಾಗಿ ಬಾಗಿ, ಮಾಡಿನ ನೆತ್ತಿ ದಾಟಿ, ಆಚೆಗೆ ಇಣುಕಿತು. ಆಚೆಗೆ ಮೇಲ್ಬೀದಿ. ಮೇಲ್ಬೀದಿಯ ಬಾಗಿಲಲ್ಲಿ, ಹನ್ನೆರಡಕ್ಕೆ ಸರಿಯಾಗಿ, ಇಸ್ತ್ರಿ ಹಾಕಿದ ಅಂಗಿ ತೊಟ್ಟ ಸೆಲ್ವಿನ್ ಗಂಟೆ ಒತ್ತುತ್ತಿದ್ದ.

ಮನೆಯ ಆಚೆ ಬದಿಯಿಂದ ಬಂದ ಆ ಕಿರುಚಾಟ ನಾಲ್ಕು ಮಹಡಿ ಇಳಿದು ಓಣಿಗೂ ಕೇಳಿಸಿತು. ಥೆಲ್ಮಾ ಬಾಗಿಲು ತೆಗೆದರೆ ಸೆಲ್ವಿನ್ ತೊಯ್ದು ತೊಪ್ಪೆಯಾಗಿದ್ದಾನೆ. ಒಳ್ಳೆಯ ಮನುಷ್ಯ, ಚಹಾ ಕುಡಿದು, ನಕ್ಕು, "ಪರವಾಗಿಲ್ಲ ಬಿಡಿ ತಾಯಿ, ಶುದ್ಧ ನೀರು. ಕಲೆಯಿಲ್ಲದೆ ಒಣಗ್ತೀನಿ," ಎಂದು ಹೊರಟುಹೋದ.

ಆಮೇಲೆ ಥೆಲ್ಮಾ ಕೆಳಗಿಳಿದು ಬಂದಳು. ಕೋಲನ್ನು ಇಳಿಸಿ, ಉಣ್ಣೆಯ ಉಂಡೆಯಿಂದ ಅಳೆದು, ಬೇಕಾದ ಜಾಗಕ್ಕೆ ಕೆಂಪು ಎಳೆಯೊಂದನ್ನು ಕಟ್ಟಿದಳು. "ಇಲ್ಲಿವರೆಗೆ ಎಳೀರಿ. ಒಂದಂಗುಲ ಜಾಸ್ತಿ ಆದ್ರೆ ಸೆಲ್ವಿನ್‌ನ ವಾಪಸ್ ಕರೀತೀನಿ."

ಕೆಂಪು ಎಳೆಯವರೆಗೆ ಎಳೆದ ಕೋಲು ಹೂವಿನಷ್ಟು ಹಗುರವಾಗಿತ್ತು. ಬ್ರಷ್ ಉಜ್ಜಿತು, ನೀರು ಹರಿಯಿತು. ಹನ್ನೊಂದು ವರ್ಷದ ಹೊಗೆ, ಧೂಳು, ಪಾರಿವಾಳಗಳ ಕಾಣಿಕೆ ಎಲ್ಲ ಕರಗಿ ಇಳಿದವು. ಬಿಸಿಲಿಗೆ ಗಾಜು ಒಣಗಿತು. ಒಂದು ಕಲೆಯಿಲ್ಲ. ಜನ ಚಪ್ಪಾಳೆ ತಟ್ಟಿದರು. ಮಾನ ಉಳಿಯಿತು.

ಮರುದಿನ ಭಾನುವಾರವಿಡೀ ಥೆಲ್ಮಾ ಕಿಟಕಿ ಬಿಟ್ಟು ಕದಲಲಿಲ್ಲ. "ರೀ, ಆ ಗುಡ್ಡದ ಮೇಲೆ ಕುರಿಗಳಿವೆ! ನಾನು ಬಂಡೆ ಅಂದ್ಕೊಂಡಿದ್ದೆ. ಹಾಲಿನಂಗಡಿ ಬಾಗಿಲಿಗೆ ಹಸಿರು ಬಣ್ಣ! ರೀ, ನದಿ ಹೊಳೀತಿದೆ!" ಎಂದು ಚಿಕ್ಕ ಹುಡುಗಿಯಂತೆ ಕೂಗುತ್ತಿದ್ದಳು. ತಾಯಿಯನ್ನೂ ಮೇಲಕ್ಕೆ ಕರೆತಂದು ಕಿಟಕಿಯ ಪಕ್ಕ ಕುರ್ಚಿ ಹಾಕಿ ಕೂರಿಸಿದಳು. ಅವಳ ಮುಖ ನೋಡಿ ಕ್ಲಿಫರ್ಡ್‌ಗೆ ನಿಜವಾಗಿ ನಾಚಿಕೆಯಾಯಿತು. ಇಷ್ಟು ಸಣ್ಣ ಸಂತೋಷಕ್ಕೆ ಇವಳನ್ನು ಹನ್ನೊಂದು ವರ್ಷ ಸತಾಯಿಸಿದೆನಲ್ಲ ಎಂದು ಮನಸ್ಸು ಚುಚ್ಚಿತು. ಅವಳು ಅವನ ಕೆನ್ನೆಗೆ ಮುತ್ತಿಟ್ಟಳು. ಅಷ್ಟು ಸುಖವಾದ ಭಾನುವಾರ ಅವನ ಬಾಳಿನಲ್ಲಿ ಬಂದು ಬಹಳ ವರ್ಷವಾಗಿತ್ತು.

ಸೋಮವಾರ ಮಧ್ಯಾಹ್ನ ಎರಡೂ ಹತ್ತಕ್ಕೆ, ಎದುರು ಗುಡ್ಡದ ಮೈದಾನದಲ್ಲಿ, ಕ್ಲಿಫರ್ಡ್ ಒಂದು ಕೈಯಲ್ಲಿ ಮರದ ಗುಂಡು, ಇನ್ನೊಂದರಲ್ಲಿ ಪೈ ಹಿಡಿದು ನಿಂತಿದ್ದಾಗ ಮೊಬೈಲ್ ಬಡಿದುಕೊಂಡಿತು. ಪೈಯನ್ನು ಬೆಂಚಿನ ಮೇಲಿಟ್ಟು ಕಿವಿಗೆ ಹಿಡಿದ.

"ಏನ್ರೀ, ಎಲ್ಲಿದೀರಾ?" ಥೆಲ್ಮಾಳ ದನಿ ಜೇನಿನಂತಿತ್ತು.

"ಇನ್ನೆಲ್ಲಿ? ಕೆಲಸದಲ್ಲಿ. ಮೂರನೇ ಮಹಡಿ ಕಿಟಕಿ, ಮೈಯೆಲ್ಲಾ ಬೆವರು."

"ಅಯ್ಯೋ ಪಾಪ. ಮಫ್ಲರ್ ತೆಗೀಬಾರ್ದಾ ಹಾಗಾದ್ರೆ? ಅಂದಹಾಗೆ, ಆ ಪೈ ಬೆಂಚಿನ ಮೇಲಿಟ್ರಲ್ಲಾ, ಅಲ್ಲೊಂದು ಕಪ್ಪು ನಾಯಿ ಬರ್ತಿದೆ."

ಕ್ಲಿಫರ್ಡ್ ತಿರುಗಿದ. ಕಪ್ಪು ನಾಯಿ ಬಂದೇ ಬಿಟ್ಟಿತ್ತು. ಪೈ ಹೋಗಿತ್ತು. ಅವನು ನಿಧಾನವಾಗಿ ಕತ್ತೆತ್ತಿ ಕಣಿವೆಯ ಆಚೆ ನೋಡಿದ. ಸಾಲು ಮನೆಗಳ ನಡುವೆ ಒಂದೇ ಒಂದು ಕಿಟಕಿ ಸೂರ್ಯನಂತೆ ಹೊಳೆಯುತ್ತಿತ್ತು. ಅದರೊಳಗೆ ಯಾರೋ ಬಿಳಿ ಬಟ್ಟೆ ಬೀಸುತ್ತಿದ್ದರು. ಪಕ್ಕದ ಕುರ್ಚಿಯಲ್ಲಿ, ಮಾವನವರು ಹಕ್ಕಿ ನೋಡಲು ಇಟ್ಟುಕೊಂಡಿದ್ದ ಹಿತ್ತಾಳೆಯ ದುರ್ಬೀನು ಹಿಡಿದು ಅತ್ತೆ ಕೂತಿರುವುದನ್ನು ಅವನು ಕಾಣದೆಯೂ ಬಲ್ಲವನಾದ. ಕೋಲು ಕೊಟ್ಟು ಹೊಡೆಸಿಕೊಳ್ಳುವುದೆಂದರೆ ಇದೇ. ಅದೂ ಐವತ್ತೈದು ಅಡಿಯ ಕೋಲು, ಸ್ವತಃ ಆರಿಸಿದ್ದು.

"ಹನ್ನೊಂದು ವರ್ಷ ಟೈಮಿಲ್ಲ ಅಂದ್ರಲ್ಲಾ!" ಎಂದಳು ಥೆಲ್ಮಾ. ಬೈಯುತ್ತಾಳೆಂದು ಅವನು ಕಣ್ಣು ಮುಚ್ಚಿಕೊಂಡ. ಆದರೆ ಆ ಕಡೆಯಿಂದ ಕೇಳಿಸಿದ್ದು ತಡೆಯಲಾಗದ ನಗು. "ಇರಿ, ಅಮ್ಮ ಏನೋ ಹೇಳ್ಬೇಕಂತೆ."

"ಅಳಿಯಂದ್ರೇ," ಎಂದರು ವಿನಿಫ್ರೆಡ್. "ಆಗಿಂದ ನೋಡ್ತಿದೀನಿ, ಗುಂಡು ಎಲ್ಲಾ ಬಲಕ್ಕೇ ಬಿಡ್ತೀರಿ. ಮಂಡಿ ಬಗ್ಗಿಸ್ಬಾರ್ದಾ?"

ಅಂದಿನಿಂದ ಪ್ರತಿ ಶುಕ್ರವಾರ ಥೆಲ್ಮಾ ತಾನೇ ಕೋಲನ್ನು ಕೆಂಪು ಎಳೆಯವರೆಗೆ ಎಳೆದು ಆ ಕಿಟಕಿ ತೊಳೆಯುತ್ತಾಳೆ. "ವಾರ ವಾರ ಯಾಕೆ? ಗಾಜು ಸವೆಯುತ್ತೆ ಕಣೇ," ಎಂದು ಕಸುಬಿನ ಅನುಭವದಿಂದ ಕ್ಲಿಫರ್ಡ್ ಎಷ್ಟು ಹೇಳಿದರೂ ಕೇಳುವುದಿಲ್ಲ.

ಜೂನಿನಲ್ಲಿ ಊರಿನ ಪಂದ್ಯದ ಕೊನೆಯ ಆಟ ಬಂತು. ಕೊನೆಯ ಗುಂಡು ಕ್ಲಿಫರ್ಡ್‌ನ ಕೈಯಲ್ಲಿ. ಅವನು ಆಕಾಶ ನೋಡಿದ. ಕಪ್ಪು ಮೋಡವೊಂದು ಕಣಿವೆಗೆ ಇಳಿಯುತ್ತಿತ್ತು. ದೇವರೇ, ಒಂದೇ ಒಂದು ಕೊಳಕು ಮಳೆ ಸುರಿಸು ಎಂದು ಬೇಡಿಕೊಳ್ಳುವಷ್ಟರಲ್ಲಿ ಜೇಬು ನಡುಗಿತು.

"ಮೋಡ ನೋಡ್ತಾ ನಿಲ್ಬೇಡಿ ಅಳಿಯಂದ್ರೇ. ಮಂಡಿ ಬಗ್ಗಿಸಿ. ಒಂದು ಗೇಣು ಎಡಕ್ಕೆ."

ಹಲ್ಲು ಕಚ್ಚಿ, ಮಂಡಿ ಬಗ್ಗಿಸಿ, ಒಂದು ಗೇಣು ಎಡಕ್ಕೆ ಬಿಟ್ಟ. ಗೆದ್ದ. ಬೆಳ್ಳಿ ಬಟ್ಟಲು ಈಗ ಅತ್ತೆಯ ಮನೆಯಲ್ಲಿದೆ.